ತಕ್ಕಡಿಯೊಳಗಿನ ಕಪ್ಪೆಗಳು

ಪ್ರಶ್ನೆ: ಮಲೇಷ್ಯಾದಲ್ಲಿ ಪಕ್ಷಾಂತರಿಗಳನ್ನು ಕಪ್ಪೆಗಳೆಂದು ಕರೆಯುತ್ತಾರಂತೆ, ಅಲ್ಲಿನ ಪೌರರಾದ ತಾವೇ ಹೇಳಬೇಕು. (ಓದುಗರೊಬ್ಬರು, ಶಿವಮೊಗ್ಗ)

ಉತ್ತರ: ನಿಜ, ಮಲಯ್ ಭಾಷೆಯಲ್ಲಿ ‘ಕತಕ್’ ಎಂದರೆ ಕಪ್ಪೆ. ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗುವುದೆಂದರೇನೆಂದು ತಿಳಿಯಲು ನಮ್ಮ ಸಂಸತ್ತನ್ನು ನೋಡಬೇಕು. 222 ಸ್ಥಾನಗಳ ಸದನದಲ್ಲಿ 112 ಮಂದಿಯನ್ನು ಒಂದೆಡೆ ಕೂರಿಸಲು ಹೆಣಗಾಡುತ್ತ, 2018ರ ಮತ್ತು 2022ರ ಚುನಾವಣೆಗಳ ನಡುವೆಯೇ ಮಹಾತಿರ್, ಮುಹಿಯುದ್ದೀನ್, ಇಸ್ಮಾಯಿಲ್ ಸಬ್ರಿ ಎಂಬ ಮೂವರು ಪ್ರಧಾನಿಗಳನ್ನು ಕಂಡೆವು. ನಮ್ಮ ಬೀದಿಯ ಅಂಗಡಿಯವನು ತೆ ತಾರಿಕ್ ಚಹಾವನ್ನು ಒಂದು ಲೋಟದಿಂದ ಇನ್ನೊಂದಕ್ಕೆ ಮೊಳದೆತ್ತರದಿಂದ ಸುರಿಯುವಾಗ ಚಹಾ ಅದೇ ಇದ್ದು ನೊರೆ ಮಾತ್ರ ಹೆಚ್ಚುವುದನ್ನು ಕಂಡು, ನನಗೆ ಸರ್ಕಾರ ರಚನೆಯೇ ನೆನಪಾಗುತ್ತದೆ. 2022ರ ಅಕ್ಟೋಬರಿನಲ್ಲಿ ಪಕ್ಷಾಂತರ ನಿಷೇಧ ಕಾನೂನು ಬಂದಿತಾದರೂ, ಪಕ್ಷಕ್ಕೆ ಪಕ್ಷವೇ ಮೈತ್ರಿಕೂಟ ಬದಲಿಸಿದರೆ ಅದು ಅಡ್ಡ ಬರುವುದಿಲ್ಲ. ಒಂಟಿ ಕಪ್ಪೆ ಜಿಗಿಯಬಾರದು, ಕೆರೆಗೆ ಕೆರೆಯೇ ಜಿಗಿಯಬಹುದು.

ಪ್ರಶ್ನೆ: ನಿಮ್ಮಲ್ಲಿ ರಾಜಕಾರಣಿಗಳಿಗೆ ನಿವೃತ್ತಿಯಿಲ್ಲವೇ? (ಓದುಗರು, ಧಾರವಾಡ)

ಉತ್ತರ: ಇದೆ, ಮಹಾತಿರ್ 2003ರಲ್ಲಿಯೇ ನಿವೃತ್ತರಾಗಿದ್ದರು. ಬಳಿಕ 92ನೆಯ ವಯಸ್ಸಿನಲ್ಲಿ ಮತ್ತೆ ಪ್ರಧಾನಿಯಾಗಿ, 97ನೆಯ ವಯಸ್ಸಿನಲ್ಲಿ ಲಂಗ್ಕಾವಿಯಲ್ಲಿ ಸ್ಪರ್ಧಿಸಿ ಠೇವಣಿ ಕಳೆದುಕೊಂಡರು. ನನ್ನ ಮನೆಯಲ್ಲಾದರೋ, ಅರವತ್ತು ದಾಟಿದ ನನ್ನ ಕೈಗೆ ಟಿವಿಯ ರಿಮೋಟನ್ನೂ ಕೊಡುವುದಿಲ್ಲ.