ದಾಂಪತ್ಯ ಒಡೆಯುವ ಕಥೆಗೆ ಬೆಂಗಳೂರು ಬೇಕಿಲ್ಲ, ದಾಂಪತ್ಯ ಬೇಕು

ಎರಡು ದಾಂಪತ್ಯ ಒಡೆಯುವ ಕಥೆಯ ಹಿಂದಿ ಚಿತ್ರ ‘ಕಭಿ ಅಲ್ವಿದಾ ನಾ ಕೆಹನಾ’ ನೋಡಿ ನಿರಾಸೆಯಾಯಿತು, ಅದೇ ವಸ್ತುವಿನ ಮೇಲೆ ಇಪ್ಪತ್ತೈದು ನಿಮಿಷದ ಕನ್ನಡ ಕಿರುಚಿತ್ರ ಮಾಡಬೇಕೆಂದಿದ್ದೇನೆ, ತೀರ್ಥಹಳ್ಳಿ ಕಡೆಯ ಗಂಡ-ಹೆಂಡಿರ ಕಥೆ ಅಂದರೆ ಜನ ಒಪ್ಪಲಿಕ್ಕಿಲ್ಲ, ಬೆಂಗಳೂರಿಗೆ ಒಯ್ಯಲೇ ಎಂದು ಕೇಳಿದ್ದೀರಿ. ಶಿವಮೊಗ್ಗದ ಹವ್ಯಾಸಿ ತಂಡಕ್ಕೆ ಇಂಥದೇ ನಾಟಕ ಬರೆಯಲು ಕೂತಾಗ ನನ್ನನ್ನೂ ಕಾಡಿದ ಅಳುಕು ಇದು. ಒಯ್ಯಬೇಡಿ. ಜನ ಒಪ್ಪುವುದಿಲ್ಲ ಅನ್ನುವ ಮಾತನ್ನೇ ನಾನು ಒಪ್ಪುವುದಿಲ್ಲ.

ಪುಟ್ಟಣ್ಣ ಕಣಗಾಲ್ ‘ಎಡಕಲ್ಲು ಗುಡ್ಡದ ಮೇಲೆ’ ಮಾಡಿದ್ದು 1973ರಲ್ಲಿ. ಭಾರತೀಸುತರ ಕಾದಂಬರಿ. ಯುದ್ಧದಲ್ಲಿ ಗಾಯಗೊಂಡು ದಾಂಪತ್ಯ ಸುಖಕ್ಕೆ ಎರವಾದ ಸೇನಾಧಿಕಾರಿ, ಅವನ ಹೆಂಡತಿಯ ತಳಮಳ, ಇನ್ನೊಬ್ಬನತ್ತ ವಾಲುವ ಅವಳ ಮನಸ್ಸು. ಜಯಂತಿಯವರ ಮಾಧವಿಯನ್ನು ನಮ್ಮ ಮನೆಗಳ ಹಿರಿಯರು ಇವತ್ತಿಗೂ ಮರುಕದಿಂದಲೇ ನೆನೆಯುತ್ತಾರೆ. ಹಾಗಾಗಿ 2006ರ ಆ ಹಿಂದಿ ಚಿತ್ರವನ್ನು ‘ಕಾಲಕ್ಕಿಂತ ಮುಂದಿತ್ತು’ ಎಂದು ಸಮರ್ಥಿಸುವವರ ಜತೆ ನಾನಿಲ್ಲ.

ಅದು ಸೋತದ್ದು ಬೇರೆ ಕಡೆ. ಮಾಯಾ ತನ್ನ ಮದುವೆಯ ದಿನವೇ ಅಪರಿಚಿತನಾದ ದೇವ್ ಮುಂದೆ ತನ್ನ ಅನುಮಾನ ತೋಡಿಕೊಳ್ಳುತ್ತಾಳೆ. ಅವನು ಫುಟ್‌ಬಾಲ್ ಆಟಗಾರ. ಅವತ್ತೇ ಕಾರು ಬಡಿದು ಕಾಲು ಊನವಾಗುತ್ತದೆ, ಆಟ ಮುಗಿಯುತ್ತದೆ. ಮುಂದಿನ ದೃಶ್ಯಕ್ಕೆ ಬರುವಷ್ಟರಲ್ಲಿ ನಾಲ್ಕು ವರ್ಷ ಕಳೆದಿರುತ್ತವೆ. ಇಡೀ ಚಿತ್ರ ಕುಸಿಯುವುದು ಈ ಜಿಗಿತದಲ್ಲಿ. ಮಾಯಾ-ರಿಷಿ, ದೇವ್-ರಿಯಾ ಇಬ್ಬಿಬ್ಬರೂ ಒಂದೇ ಸೂರಿನಡಿ ಬದುಕಿ, ಪ್ರಯತ್ನಪಟ್ಟು, ಬೇಸತ್ತ ಆ ನಾಲ್ಕು ವರ್ಷಗಳೇ ಕಥೆ. ಅವು ತೆರೆಯ ಮೇಲೆ ಇಲ್ಲ. ನಮಗೆ ಸಿಗುವುದು ಆಗಲೇ ಹಳಸಿದ ಎರಡು ಸಂಸಾರ. ದೇವ್‌ನ ಸಿಡಿಮಿಡಿ ಕಾಲು ಹೋದದ್ದಕ್ಕೆ, ಹೆಂಡತಿ ಪತ್ರಿಕೆಯೊಂದರಲ್ಲಿ ಮೇಲೇರುತ್ತಿರುವುದಕ್ಕೆ. ಯಾರನ್ನು ಕಟ್ಟಿಕೊಂಡಿದ್ದರೂ ಅವನು ಹಾಗೆಯೇ ಸಿಡುಕುತ್ತಿದ್ದ. ನಾಳೆ ಮಾಯಾಳ ಮೇಲೂ ಸಿಡುಕುತ್ತಾನೆ. ಈ ಅನುಮಾನಕ್ಕೆ ಚಿತ್ರದಲ್ಲಿ ಉತ್ತರವಿಲ್ಲ. ಮಾಯಾಳದ್ದು ಇನ್ನೂ ಕಷ್ಟ: ಅವಳಿಗೆ ರಿಷಿಯ ಮೇಲೆ ಪ್ರೀತಿ ಮೊದಲೇ ಇರಲಿಲ್ಲ. ಇಲ್ಲದ್ದು ಕಳೆದುಹೋದರೆ ನೋಡುವವನಿಗೆ ಏನು ಕಳೆದಂತಾಯಿತು?

ವಿಚ್ಛೇದನದಲ್ಲೂ ಇದೇ ತಪ್ಪು. ಪ್ರೇಮಿಗಳಿಬ್ಬರೂ ತಪ್ಪೊಪ್ಪಿಕೊಂಡು ಮನೆ ಕಳೆದುಕೊಳ್ಳುತ್ತಾರೆ, ಆದರೆ ಒಬ್ಬರಿಗೊಬ್ಬರು ‘ನಮ್ಮ ಮನೆಯಲ್ಲಿ ಕ್ಷಮಿಸಿದರು’ ಎಂದು ಸುಳ್ಳು ಹೇಳಿ ದೂರವಾಗುತ್ತಾರೆ. ತಕ್ಷಣ ‘ಮೂರು ವರ್ಷಗಳ ನಂತರ’. ಮದುವೆಯ ನಾಲ್ಕು ವರ್ಷವನ್ನೂ ವಿಚ್ಛೇದನದ ಮೂರು ವರ್ಷವನ್ನೂ ಹಾರಿಸಿ, ಮೂರು ಗಂಟೆಗೂ ಮೀರಿದ ಚಿತ್ರದಲ್ಲಿ ನಡುವಿನ ಕದ್ದು ಭೇಟಿಯನ್ನು ಮಾತ್ರ ಎಳೆದರು. ಇಬ್ಬರೂ ಮೊದಲು ತಂತಮ್ಮ ಸಂಸಾರ ಉಳಿಸಿಕೊಳ್ಳಲು ಪರಸ್ಪರ ಸಲಹೆ ಕೊಟ್ಟುಕೊಳ್ಳುತ್ತಾರಲ್ಲ, ಆ ಎಳೆ ನಿಜಕ್ಕೂ ಚೆನ್ನಾಗಿತ್ತು. ಅದನ್ನು ಹಾಸ್ಯಕ್ಕೆ ಬಿಟ್ಟರು. ಮಾಯಾ ಸ್ವತಃ ತೀರ್ಮಾನಿಸಬೇಕಾದ ಹೊತ್ತಿಗೆ ಮಾವನೇ ಸಾಯುವ ಮುನ್ನ ‘ನನ್ನ ಮಗನನ್ನು ಬಿಟ್ಟುಬಿಡು’ ಅನ್ನುತ್ತಾರೆ. ಅಲ್ಲಿಗೆ ತೀರ್ಮಾನದ ಭಾರ ಅವಳ ಹೆಗಲಿನಿಂದ ಇಳಿದೇ ಹೋಯಿತು. ಕೊನೆಗೂ ಮನಸ್ಸಿಗೆ ನಾಟುವುದು ರಿಷಿಯ ಪೆಟ್ಟು, ಅದಕ್ಕೆ ಕಾರಣ ನಮ್ಮ ಕಣ್ಣೆದುರೇ ನಡೆದಿರುವುದರಿಂದ. ರಿಷಿಯಾಗಿ ನಟಿಸಿದ ಅಭಿಷೇಕ್ ಬಚ್ಚನ್‌ಗೆ ಪೋಷಕ ನಟನ ಫಿಲ್ಮ್‌ಫೇರ್ ಸಿಕ್ಕಿದ್ದು ಸುಮ್ಮನೆ ಅಲ್ಲ.

ಈಗ ನಿಮ್ಮ ಸ್ಕ್ರಿಪ್ಟ್. ಪುಟಕ್ಕೊಂದು ನಿಮಿಷದ ಲೆಕ್ಕದಲ್ಲಿ ಇಪ್ಪತ್ತೈದು ಪುಟ. ಮೂರನೆಯವನ ಮುಖ ಹತ್ತನೇ ಪುಟಕ್ಕಿಂತ ಮೊದಲು ಕಾಣಿಸಬಾರದು. ಆ ಹತ್ತು ಪುಟದಲ್ಲಿ ಜಗಳವೂ ಬೇಡ. ಜಗಳ ಬರೆಯುವುದು ಸುಲಭ, ಅದರಿಂದ ತಿಳಿಯುವುದು ಕಡಿಮೆ. ಕೊಯ್ಲಿನ ಕಾಲ ಇಟ್ಟುಕೊಳ್ಳಿ. ಅಂಗಳದಲ್ಲಿ ಹೆಂಗಸರು ಮೆಟ್ಟುಗತ್ತಿ ಹಾಕಿ ಸರಿರಾತ್ರಿವರೆಗೆ ಅಡಿಕೆ ಸುಲಿಯುತ್ತಾರೆ, ಹಂಡೆಯಲ್ಲಿ ಅಡಿಕೆ ಬೇಯಿಸುವ ಚೊಗರು ಕುದಿಯುತ್ತದೆ, ಮನೆ ತುಂಬ ಜನ. ಗಂಡ-ಹೆಂಡತಿ ಎದುರಾಗುವುದು ಕೂಲಿ ಲೆಕ್ಕಕ್ಕೆ, ಕಾಫಿಗೆ. ಎಲ್ಲರೂ ಹೋದ ಮೇಲೆ ಅವಳು ಕೈಯ ಕರೆ ತಿಕ್ಕುತ್ತಾ ನಿಂತಿರುತ್ತಾಳೆ, ಅವನು ನಾಳೆ ಮಂಡಿಗೆ ಎಷ್ಟು ಚೀಲ ಎಂದು ಕೇಳುತ್ತಾನೆ. ಮೊದಲ ವರ್ಷದ ಕೊಯ್ಲಿನಲ್ಲಿ ಇದೇ ಜಾಗದಲ್ಲಿ ಅವನೇ ಅವಳ ಕೈಗೆ ನೀರು ಹೊಯ್ದಿದ್ದನ್ನು ಅರ್ಧ ಪುಟದಲ್ಲಿ ಮೊದಲೇ ತೋರಿಸಿ. ಏನು ಕಳೆಯಿತೆಂದು ಯಾರೂ ಬಾಯಿಬಿಟ್ಟು ಹೇಳಬೇಕಾಗುವುದಿಲ್ಲ.

ನಮ್ಮೂರಲ್ಲಿ ಕದ್ದು ಭೇಟಿಯಾಗಲು ಜಾಗವೇ ಇಲ್ಲ, ಬೈಕಿನ ಸದ್ದು ಕೇಳಿಯೇ ಯಾರದ್ದೆಂದು ಹೇಳುತ್ತಾರೆ ಎಂದು ಬರೆದಿದ್ದೀರಿ. ಅದು ಕೊರತೆಯಲ್ಲ, ನಿಮ್ಮ ಕಥೆಯ ಬಲ. ಫೋನ್ ಸಿಗ್ನಲ್‌ಗಾಗಿ ಊರವರೆಲ್ಲ ಹತ್ತುವ ಗುಡ್ಡ ಇದ್ದೇ ಇರುತ್ತದೆ. ಅಲ್ಲಿ ಇಬ್ಬರು ನಿಂತರೆ ಮೊದಲ ವಾರ ಯಾರೂ ಗಮನಿಸುವುದಿಲ್ಲ, ಎರಡನೇ ವಾರ ಎಲ್ಲರೂ ಗಮನಿಸುತ್ತಾರೆ. ಆ ಹಿಂದಿ ಚಿತ್ರದ ನ್ಯೂಯಾರ್ಕಿನ ಜನಜಂಗುಳಿಯಲ್ಲಿ ಸಿಗದ ಭಯ ಅಲ್ಲಿದೆ.

ಕೋರ್ಟಿನ ಭಾಗವನ್ನು ಮಾತ್ರ ಪೂರ್ತಿ ತಿದ್ದಬೇಕು. ಅಕ್ರಮ ಸಂಬಂಧಕ್ಕೆ ಪೊಲೀಸರು ಬಂದು ಹಿಡಿದೊಯ್ಯುವಂತೆ ಬರೆದಿದ್ದೀರಿ. ಅದನ್ನು ಅಪರಾಧವೆಂದಿದ್ದ, ಆಗಿನ ಭಾರತೀಯ ದಂಡ ಸಂಹಿತೆಯ 497ನೇ ಕಲಮನ್ನು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 27ರಂದೇ ರದ್ದು ಮಾಡಿದೆ. ಆದರೆ ಹಿಂದೂ ವಿವಾಹ ಕಾಯ್ದೆಯಲ್ಲಿ ಅಕ್ರಮ ಸಂಬಂಧ ವಿಚ್ಛೇದನಕ್ಕೆ ಕಾರಣವಾಗಿ ಉಳಿದಿದೆ. ಜಡ್ಜ್ ಸುತ್ತಿಗೆ ಬಡಿಯುವುದು, ಊರವರು ಬೆಂಚಿನ ಮೇಲೆ ಕೂತು ಕೇಳುವುದು ಬೇಡ. ಅದೇ ಕಾಯ್ದೆಯ 22ನೇ ಕಲಮಿನ ಪ್ರಕಾರ ವಿಚಾರಣೆ ಗೋಪ್ಯ. ಇಬ್ಬರೂ ಒಪ್ಪಿದರೆ 13ಬಿ ಕಲಮು, 1976ರ ತಿದ್ದುಪಡಿಯಲ್ಲಿ ಬಂದದ್ದು. ಒಂದು ವರ್ಷ ಬೇರೆಯಿದ್ದ ಮೇಲೆ ಜಂಟಿ ಅರ್ಜಿ, ಆಮೇಲೆ ಆರು ತಿಂಗಳು ಕಳೆದು, ಹದಿನೆಂಟು ತಿಂಗಳೊಳಗೆ ಮತ್ತೆ ಇಬ್ಬರೂ ಬಂದು ‘ಹೌದು’ ಅನ್ನಬೇಕು. ತಕ್ಕ ಸಂದರ್ಭದಲ್ಲಿ ಆ ಆರು ತಿಂಗಳನ್ನು ಬಿಟ್ಟುಕೊಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ನಿಮ್ಮ ಕಥೆಯಲ್ಲಿ ಬಿಡಬೇಡಿ.

ಯಾಕೆಂದರೆ ನಿಮಗೆ ಬೇಕಾದ ನಾಟಕವೆಲ್ಲ ಅಲ್ಲಿದೆ. 1991ರ ಸುರೇಷ್ಟಾ ದೇವಿ ಪ್ರಕರಣದ ತೀರ್ಪಿನಂತೆ ‘ಬೇರೆ ಇರುವುದು’ ಅಂದರೆ ಗಂಡ-ಹೆಂಡಿರಾಗಿ ಬಾಳದಿರುವುದು; ಒಂದೇ ಸೂರಿನಡಿ ಇದ್ದೂ ಬೇರೆ ಇರಬಹುದು. ಒಂದು ತೊಟ್ಟಿ ಮನೆ, ಎರಡು ಒಲೆ, ಒಂದೇ ಬಚ್ಚಲು, ಸುತ್ತ ಎಲ್ಲ ಗೊತ್ತಿರುವ ಊರು. ಅದೇ ತೀರ್ಪಿನ ಪ್ರಕಾರ ಡಿಕ್ರಿ, ಅಂದರೆ ವಿಚ್ಛೇದನದ ಅಂತಿಮ ಆದೇಶ, ಆಗುವ ಮುಂಚೆ ಒಬ್ಬರು ಒಪ್ಪಿಗೆ ಹಿಂತೆಗೆದರೂ ಸಾಕು, ಜಂಟಿ ಅರ್ಜಿ ಬಿದ್ದುಹೋಗುತ್ತದೆ. ಆ ಆರು ತಿಂಗಳಲ್ಲಿ ಯಾರು ಯಾವತ್ತು ಹಿಂದೆ ಸರಿಯುತ್ತಾರೋ ಗೊತ್ತಿಲ್ಲ. ಕೊನೆಯ ಎಂಟು ಪುಟ ಇದಕ್ಕೇ ಮೀಸಲಿಡಿ. ಹಿರಿಯರು ಬಂದು ಅಪ್ಪಣೆ ಕೊಡುವ ದೃಶ್ಯ ಹೊಡೆದುಹಾಕಿ; ಎರಡನೇ ಸಲ ‘ಹೌದು’ ಅನ್ನುವವರು ಅವರಿಬ್ಬರೇ ಇರಲಿ.

ತಾಳಗುಪ್ಪ ರೈಲು ನಿಲ್ದಾಣದಲ್ಲಿ ಪ್ರೇಮಿಗಳು ಆಕಸ್ಮಿಕವಾಗಿ ಸಿಗುವ ಕೊನೆಯನ್ನೂ ತೆಗೆಯಿರಿ. ಆ ಹಿಂದಿ ಚಿತ್ರ ಮುಗಿಯುವುದೂ ರೈಲು ನಿಲ್ದಾಣದಲ್ಲೇ, ಸಾಲದ್ದಕ್ಕೆ ಪ್ಲಾಟ್‌ಫಾರಂನಲ್ಲಿ ಚಿತ್ರೀಕರಣಕ್ಕೆ ರೈಲ್ವೆಯ ಲಿಖಿತ ಅನುಮತಿ ಬೇಕು.

ಮಳೆಗಾಲದಲ್ಲಿ ಮಾತಿನ ದೃಶ್ಯ ಇಟ್ಟುಕೊಳ್ಳಬೇಡಿ. ಹಂಚಿನ ಮಾಡು, ಶೀಟಿನ ಮಾಡು, ಯಾವುದರ ಕೆಳಗೂ ಜುಲೈ ಮಳೆಯಲ್ಲಿ ಸಂಭಾಷಣೆ ದಾಖಲಾಗುವುದಿಲ್ಲ, ಆಮೇಲೆ ಡಬ್ಬಿಂಗ್ ಮಾಡಿದರೆ ಈ ಬಗೆಯ ಪಿಸುಮಾತು ಸತ್ತುಹೋಗುತ್ತದೆ. ಮಳೆಯ ದೃಶ್ಯಗಳನ್ನು ಮಾತಿಲ್ಲದೆ ತೆಗೆಯಿರಿ, ಮಳೆಯ ಸದ್ದನ್ನು ಬೇರೆಯಾಗಿ ಹಿಡಿದಿಡಿ. ಮಾತಿನವನ್ನು ಕೊಯ್ಲಿನ ಹೊತ್ತಿಗೆ, ಡಿಸೆಂಬರ್ ಆಸುಪಾಸಿಗೆ ಇಟ್ಟುಕೊಳ್ಳಿ. ಸುಲಿಯುವವರ ಕೆಲಸ ನಿಮ್ಮ ಕ್ಯಾಮೆರಾಗೆ ಕಾಯುವುದಿಲ್ಲ, ಅಡಿಕೆಯೂ ಕಾಯುವುದಿಲ್ಲ. ಮನೆಯವರಿಗೆ ಮೊದಲೇ ಹೇಳಿ, ಆ ರಾತ್ರಿಯ ಕೂಲಿಯ ಮೇಲೆ ನಿಮ್ಮ ಪಾಲನ್ನೂ ಸೇರಿಸಿ ಕೊಡಿ, ಲೈಟು ಒಂದು ಮೂಲೆಯಲ್ಲಿರಲಿ.