2007ರಲ್ಲಿ ಎಝಡ್ ಅಲ್ಕ್‌ಮಾರ್ ಪಟ್ಟ ತಪ್ಪಿಸಿಕೊಂಡದ್ದು ಹೇಗೆ?

ನಿಮ್ಮ ಪ್ರಶ್ನೆ: ಕೊನೆಯ ಸುತ್ತಿಗೆ ಮುಂಚೆ ಅಗ್ರಸ್ಥಾನದಲ್ಲಿದ್ದ ಡಚ್ ಫುಟ್‌ಬಾಲ್ ಕ್ಲಬ್ ಎಝಡ್ ಮೂರನೇ ಸ್ಥಾನಕ್ಕೆ ಇಳಿದದ್ದು ಹೇಗೆ, ಪರಸ್ಪರ ಪಂದ್ಯಗಳ ಫಲಿತಾಂಶ ನೋಡಲಿಲ್ಲವೇ ಎಂದು. ಇಲ್ಲ, ಎರೆಡಿವಿಸಿಯಲ್ಲಿ (ಡಚ್ ಅಗ್ರ ಲೀಗ್) ಅಂಕ ಸಮವಾದರೆ ಮೊದಲು ನೋಡುವುದು ಗೋಲು ವ್ಯತ್ಯಾಸ, ಅಂದರೆ ಹೊಡೆದ ಗೋಲುಗಳಿಂದ ಬಿಟ್ಟುಕೊಟ್ಟ ಗೋಲುಗಳನ್ನು ಕಳೆದದ್ದು.

2007ರ ಏಪ್ರಿಲ್ 29ರ ಬೆಳಿಗ್ಗೆ ಪಟ್ಟದ ಪೈಪೋಟಿಯಲ್ಲಿದ್ದ ಮೂರೂ ತಂಡಗಳದ್ದು 72 ಅಂಕ. ವ್ಯತ್ಯಾಸ ಎಝಡ್‌ಗೆ +53, ಅಯಾಕ್ಸ್‌ಗೆ +47, ಪಿಎಸ್‌ವಿಗೆ +46. ಅಂದರೆ ಎಝಡ್‌ಗೆ ರಾಟರ್‌ಡ್ಯಾಮ್‌ನ ಎಕ್ಸೆಲ್ಸಿಯರ್ ಮೇಲೆ ಒಂದು ಗೋಲಿನ ಗೆಲುವೂ ಹೆಚ್ಚುಕಡಿಮೆ ಸಾಕಿತ್ತು. ಕೆಳಗಿನ ಸ್ಥಾನಗಳಲ್ಲಿ ಒದ್ದಾಡುತ್ತಿದ್ದ ತಂಡ ಅದು! ಆದರೆ 18ನೇ ನಿಮಿಷದಲ್ಲೇ ಗೋಲ್‌ಕೀಪರ್ ಬಾಯ್ ವಾಟರ್‌ಮನ್‌ಗೆ ಕೆಂಪು ಕಾರ್ಡ್. ಉಳಿದ ಆಟವೆಲ್ಲ ಹತ್ತೇ ಜನ. ಡ್ರಾ ಆದರೂ 73 ಅಂಕ, ಪ್ರಯೋಜನವಿಲ್ಲ. ಹಾಗಾಗಿ ಮುನ್ನುಗ್ಗದೆ ವಿಧಿಯಿರಲಿಲ್ಲ. 3-2ರಿಂದ ಸೋತರು.

ಅತ್ತ ಅಯಾಕ್ಸ್ ವಿಲೆಮ್ ಟ್ವೇ ವಿರುದ್ಧ 2-0, ಪಿಎಸ್‌ವಿ ವಿಟೆಸ್ಸೆ ವಿರುದ್ಧ 5-1. ಇಬ್ಬರಿಗೂ 75 ಅಂಕ, ವ್ಯತ್ಯಾಸ ಅಯಾಕ್ಸ್‌ಗೆ +49, ಪಿಎಸ್‌ವಿಗೆ +50; ಹಾಗಾಗಿ ಪಿಎಸ್‌ವಿ ಚಾಂಪಿಯನ್. ಪಿಎಸ್‌ವಿಯ ಐದನೇ ಗೋಲು ಫಿಲಿಪ್ ಕೋಕು ಹೊಡೆದದ್ದು. ಅದಿಲ್ಲದಿದ್ದರೆ ವ್ಯತ್ಯಾಸವೂ ಸಮ, ಆಗ ಹೆಚ್ಚು ಗೋಲು ಹೊಡೆದ ಅಯಾಕ್ಸ್ (84) ಚಾಂಪಿಯನ್.

ನನ್ನ ಮಟ್ಟಿಗೆ ಡಚ್ ಲೀಗ್‌ನ ಅತಿ ರೋಚಕ ದಿನ ಇದೇ. ಎಝಡ್‌ಗೆ ಅದೇ ವರ್ಷದ ಮೇ ತಿಂಗಳಲ್ಲಿ ಡಚ್ ಕಪ್ ಫೈನಲ್ ಕೂಡ ಅಯಾಕ್ಸ್ ಎದುರು ಪೆನಾಲ್ಟಿಯಲ್ಲಿ ಕೈತಪ್ಪಿತು, ಮರುವರ್ಷ 11ನೇ ಸ್ಥಾನ. ಆದರೂ ಕೋಚ್ ಲೂಯಿ ವಾನ್ ಗಾಲ್ ಉಳಿದರು. 2008-09ರ ಮೊದಲೆರಡು ಪಂದ್ಯ ಸೋತ ಮೇಲೆ ಸತತ 28 ಪಂದ್ಯ ಸೋಲದೆ, 1981ರ ನಂತರ ಮೊದಲ ಸಲ ಲೀಗ್ ಗೆದ್ದರು.