ರುಚಿ–ಪ್ರಶ್ನೆ: ಮಬ್ಬು ಬಿಯರಿಗೆ ಅಂಕ ಹಾಕುವ ಬಗೆ

ಬಿಯರಿನ ರುಚಿ ನೋಡುವ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹೇಜಿ ಐಪಿಎ, ಅಂದರೆ ಮಬ್ಬಾದ ಇಂಡಿಯಾ ಪೇಲ್ ಏಲ್ ಬಿಯರ್ ಕುರಿತಾದವು. ನೋಡಲು ಹಣ್ಣಿನ ರಸದಂತೆ ಮಬ್ಬಾಗಿ, ಮೂಗಿಗೆ ಮಾವು, ಪೇರಲ, ಕಿತ್ತಳೆಯ ವಾಸನೆ ಕೊಡುವ ಈ ಬಿಯರ್ ಬೆಂಗಳೂರಿನ ಮೈಕ್ರೊಬ್ರೂವರಿಗಳಲ್ಲಿ ಹಳೆಯ ಪರಿಚಯವಾಗಿದ್ದರೂ ನಮ್ಮ ಕಡೆಗೆ ಕ್ಯಾನುಗಳಲ್ಲಿ, ಊರಿಗೆ ಬರುವ ಸ್ನೇಹಿತರ ಚೀಲಗಳಲ್ಲಿ ಬರುತ್ತಿದೆ. ಐದು ಪತ್ರಗಳನ್ನು ಆಯ್ದು ಉತ್ತರಿಸಿದ್ದೇನೆ.

ಪ್ರಶ್ನೆ: ಮಾನ್ಯರೇ, ನಾವು ಐವರು ಸ್ನೇಹಿತರು ತಿಂಗಳಿಗೊಮ್ಮೆ ಒಬ್ಬರ ಮನೆಯ ಮಾಳಿಗೆಯ ಮೇಲೆ ಸೇರುತ್ತೇವೆ. ಕಳೆದ ಸಲ ನಾಲ್ಕು ಬಗೆಯ ಹೇಜಿ ಐಪಿಎಗಳನ್ನು ಕುಡಿದು ಹತ್ತಕ್ಕೆ ಅಂಕ ಹಾಕಿದೆವು. ಒಂದೇ ಕ್ಯಾನಿಗೆ ಒಬ್ಬರು 9 ಕೊಟ್ಟರೆ ಇನ್ನೊಬ್ಬರು 4 ಕೊಟ್ಟರು, ಮಾತಿಗೆ ಮಾತು ಬೆಳೆಯಿತು. ಯಾರದು ಸರಿ?
— ಓದುಗರು, ಕಲಬುರಗಿ

ಉತ್ತರ: ಇಬ್ಬರದೂ ಸರಿಯಿರಬಹುದು, ಏಕೆಂದರೆ ಇಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಬರೆದಂತಿದೆ. ಒಬ್ಬರು ತಮಗೆ ಹಿಡಿಸಿತೇ ಎಂಬುದಕ್ಕೆ ಅಂಕ ಕೊಟ್ಟಿದ್ದಾರೆ. ಇನ್ನೊಬ್ಬರು ತಾವು ಇಷ್ಟು ವರ್ಷ ಕುಡಿದ ತೆಳು ಹೊಂಬಣ್ಣದ ಲಾಗರ್ ಬಿಯರಿನ ಪಕ್ಕದಲ್ಲಿಟ್ಟು ಇದನ್ನು ಅಳೆದಿದ್ದಾರೆ. ಹೋಳಿಗೆಯಲ್ಲಿ ಖಾರವಿಲ್ಲವೆಂದು ಯಾರೂ ಅಂಕ ಕಡಿಯುವುದಿಲ್ಲವಷ್ಟೇ. ಆದ್ದರಿಂದ ಅಂಕ ಹಾಕುವ ಮೊದಲು ಈ ಬಗೆಯ ಬಿಯರ್ ಹೇಗಿರಬೇಕೆಂಬುದನ್ನು ಐವರೂ ಒಪ್ಪಿಕೊಂಡಿರಬೇಕು.

ಅಮೆರಿಕದಲ್ಲಿ 1985ರಲ್ಲಿ ಆರಂಭವಾದ ಬಿಯರ್ ಜಡ್ಜ್ ಸರ್ಟಿಫಿಕೇಶನ್ ಪ್ರೋಗ್ರಾಮ್ ಎಂಬ ಸಂಸ್ಥೆಯ ಅಂಕಪಟ್ಟಿ ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ. ಅದು ಒಟ್ಟು 50 ಅಂಕಗಳ ಪಟ್ಟಿ: ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ತೆಳುವೋ ದಪ್ಪವೋ ಎಂದು ಬಾಯಿಗೆ ಹತ್ತುವ ಹದಕ್ಕೆ 5, ಒಟ್ಟು ಅನುಭವಕ್ಕೆ 10. ಮಬ್ಬಿನ ಹೆಸರಿನಲ್ಲೇ ಪ್ರಸಿದ್ಧವಾದ ಬಿಯರಿನಲ್ಲಿ ನೋಟಕ್ಕೆ ಸಿಗುವುದು ಕೇವಲ ಮೂರು ಅಂಕ ಎಂಬುದನ್ನು ಗಮನಿಸಿ. ಫೋಟೊ ತೆಗೆಯಲು ಕಳೆಯುವ ಹೊತ್ತನ್ನು ಮೂಗಿಗೆ ಕೊಟ್ಟರೆ ಲಾಭ ಹೆಚ್ಚು. ಅದೇ ಸಂಸ್ಥೆಯ ವಿವರಣೆಯಂತೆ ಹೇಜಿ ಐಪಿಎ ಶೇ. 6ರಿಂದ 9ರಷ್ಟು ಆಲ್ಕೊಹಾಲ್ ಉಳ್ಳದ್ದು; ಕಹಿಯ ಅಳತೆಯಾದ ಐಬಿಯು 25ರಿಂದ 60ರ ನಡುವೆ ಇರುತ್ತದೆ. ಕಹಿ ಇರಬೇಕು, ಆದರೆ ಹಣ್ಣಿನ ವಾಸನೆಯ ಹಿಂದೆ ನಿಂತಿರಬೇಕು. ನಾಲಿಗೆಗೆ ಮೃದುವಾಗಿ, ತುಸು ದಪ್ಪವಾಗಿ ಹತ್ತಬೇಕು. ಹಾಗೆಂದು ಪಾನಕದಂತೆ ಸಿಹಿಯಾಗಿರಬಾರದು. ಗಂಟಲಿನಲ್ಲಿ ಹಸಿ ಸೊಪ್ಪು ಜಗಿದಂಥ ಒಗರೂ ಉರಿಯೂ ಉಳಿದರೆ ಅದು ಬಿಯರಿಗೆ ಕಹಿಯನ್ನೂ ವಾಸನೆಯನ್ನೂ ಕೊಡುವ ಹಾಪ್ಸ್ ಹೂವು ಅತಿಯಾದುದರ ಗುರುತು. ಅಲ್ಲಿ ಅಂಕ ಕಡಿಯಿರಿ.

ಇನ್ನು ಕ್ರಮದ ಮಾತು. ಫ್ರಿಜ್ಜಿನಿಂದ ತೆಗೆದ ಕೂಡಲೇ ಅಂಕ ಹಾಕಬೇಡಿ, ಏಕೆಂದರೆ 4 ಡಿಗ್ರಿಯ ಬಿಯರಿಗೆ ವಾಸನೆಯೇ ಏಳುವುದಿಲ್ಲ. 7ರಿಂದ 10 ಡಿಗ್ರಿಗೆ ಬಂದಾಗ ಅದು ಬಾಯಿ ಬಿಡುತ್ತದೆ. ಮೇ ತಿಂಗಳಲ್ಲಿ, ಹಗಲೆಲ್ಲ ಕಾದ ಶಹಾಬಾದ್ ಹಾಸುಗಲ್ಲು ರಾತ್ರಿ ಎಂಟಕ್ಕೂ ಅಂಗಾಲಿಗೆ ಬಿಸಿ ಮುಟ್ಟಿಸುತ್ತಿರುವ ಮಾಳಿಗೆಯ ಮೇಲೆ ಇದಕ್ಕೆ ಐದು ನಿಮಿಷ ಸಾಕು. ಹತ್ತು ನಿಮಿಷ ಬಿಟ್ಟರೆ ಆಟ ಕೆಟ್ಟಿತು. ಒಬ್ಬೊಬ್ಬರಿಗೆ ನೂರು ಮಿಲಿಯಂತೆ ಸುರಿಯಿರಿ. ಯಾರ ಕ್ಯಾನು ಯಾವುದೆಂದು ಸುರಿಯುವವರಿಗೆ ಮಾತ್ರ ಗೊತ್ತಿರಲಿ, ಮತ್ತು ಆ ದಿನ ಅವರು ಅಂಕ ಹಾಕುವುದು ಬೇಡ. ಆಲ್ಕೊಹಾಲ್ ಕಡಿಮೆ ಇರುವುದು ಮೊದಲು, ಹೆಚ್ಚಿರುವುದು ಕೊನೆಗೆ.

ಗ್ಲಾಸನ್ನು ಅರ್ಧಕ್ಕಿಂತ ಕಡಿಮೆ ತುಂಬಿಸಿ, ಒಮ್ಮೆ ಮೆಲ್ಲಗೆ ತಿರುಗಿಸಿ, ಅಂಚಿನಿಂದ ಒಂದು ಬೆರಳಿನ ದೂರದಲ್ಲಿ ಮೂಗಿಟ್ಟು ಎರಡು ಸಣ್ಣ ಉಸಿರು ಎಳೆದುಕೊಳ್ಳಿ. ಆಗ ಹೊಳೆದ ಮೊದಲ ಪದವನ್ನು ಬರೆಯಿರಿ, ಬಾಯಿ ಬಿಟ್ಟು ಹೇಳಬೇಡಿ. ಒಬ್ಬರು ‘ಅನಾನಸ್’ ಎಂದರೆ ಮುಗಿಯಿತು, ಉಳಿದ ನಾಲ್ವರಿಗೂ ಅನಾನಸ್ಸೇ ಬರುತ್ತದೆ. ಹೀಗೆ ಬರೆಯುವಾಗ ಇಂಗ್ಲಿಷ್ ವಿಮರ್ಶೆಗಳಿಂದ ಕಲಿತ ಪ್ಯಾಶನ್ ಫ್ರೂಟು, ಲೀಚಿಗಳನ್ನು ಹುಡುಕಬೇಕಾಗಿಲ್ಲ. ಮೂಗು ತಾನು ಕಂಡದ್ದನ್ನಷ್ಟೇ ಗುರುತಿಸಬಲ್ಲದು. ನಿಮಗೆ ಅದು ಮಾಗಿದ ಪೇರಲ, ಸಿಪ್ಪೆ ಸುಲಿದ ಮೋಸಂಬಿ, ಉಪ್ಪಿನಕಾಯಿಗೆ ಹೆಚ್ಚಿದ ಮಾವಿನಕಾಯಿ ಎನಿಸಿದರೆ ಹಾಗೆಯೇ ಬರೆಯಿರಿ. ಪದ ಮೊದಲು, ಅಂಕ ಆಮೇಲೆ. ಪದವಿಲ್ಲದ ಅಂಕವನ್ನು ನಾನಂತೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮೂಗು ದಣಿದರೆ ನಿಮ್ಮದೇ ಮುಂಗೈಯನ್ನು ಮೂಸಿ ನೋಡಿ, ಅದು ತನ್ನ ದಾರಿಗೆ ಮರಳುತ್ತದೆ. ನಾಲಿಗೆಗೆ ಒಂದು ಗುಟುಕು ನೀರು, ಒಂದು ತುಂಡು ಕಡಕ್ ರೊಟ್ಟಿ. ಬೇರೆಡೆ ಇದಕ್ಕೆ ಉಪ್ಪಿಲ್ಲದ ಬಿಸ್ಕತ್ತು ಇಡುತ್ತಾರೆ. ಜೋಳದ ಕಡಕ್ ರೊಟ್ಟಿ ಅದಕ್ಕಿಂತ ಮೇಲು ಎಂಬುದು ನನ್ನ ಅನುಭವ. ಶೇಂಗಾ ಹಿಂಡಿ, ಮಿರ್ಚಿ ಭಜಿಗಳನ್ನು ಅಂಕ ಬರೆದಾದ ಮೇಲೆ ತನ್ನಿ, ಏಕೆಂದರೆ ಖಾರ ತಿಂದ ಬಾಯಿಗೆ ಹಾಪ್ಸಿನ ಕಹಿ ಇಮ್ಮಡಿಯಾಗಿ ತೋರುತ್ತದೆ. ಮಜ್ಜಿಗೆ ಕುಡಿದ ಗ್ಲಾಸನ್ನು ಸರಿಯಾಗಿ ತೊಳೆಯದೆ ಬಿಯರ್ ಸುರಿದರೆ ಜಿಡ್ಡಿಗೆ ನೊರೆ ಒಡೆದುಹೋಗುತ್ತದೆ. ಬೋರ್‌ವೆಲ್ ನೀರಿನ ಬಿಳಿ ಕಲೆ ಉಳಿದಿದ್ದರೆ ಗುಳ್ಳೆಗಳು ಅಲ್ಲಲ್ಲೇ ಅಂಟಿ ನಿಲ್ಲುತ್ತವೆ. ಎರಡೂ ಬಿಯರಿನ ತಪ್ಪಲ್ಲ.

ಒಟ್ಟು ಅನುಭವದ ಹತ್ತು ಅಂಕಗಳನ್ನು ಮಾತ್ರ ಕೊನೆಯ ಗುಟುಕಿನವರೆಗೆ ತಡೆದಿಡಿ. ಈ ಬಿಯರುಗಳಲ್ಲಿ ಮೊದಲ ಗುಟುಕಿಗೆ ಎಲ್ಲರನ್ನೂ ಗೆದ್ದು, ಅರ್ಧ ಗ್ಲಾಸಿಗೆ ಸಾಕೆನಿಸುವವು ಬಹಳ. ಅನ್‌ಟ್ಯಾಪ್ಡ್‌ನಂಥ ಆ್ಯಪುಗಳಲ್ಲಿ ಐದಕ್ಕೆ ಕಾಲು ಕಾಲು ಅಂಕದ ಲೆಕ್ಕದಲ್ಲಿ ಕೊಡುವ ಅಂಕಗಳಲ್ಲಿ ಈ ಮೊದಲ ಗುಟುಕಿನ ಮೋಹವೇ ಹೆಚ್ಚಾಗಿ ಕಾಣುತ್ತದೆ. ಐವತ್ತರ ಪಟ್ಟಿಯಲ್ಲಿ 30ರಿಂದ 37 ಬಂದರೆ ಬಹಳ ಚೆನ್ನಾಗಿದೆ ಎಂದರ್ಥ, 38 ದಾಟಿದರೆ ಉತ್ಕೃಷ್ಟ, 45 ದಾಟಿದರೆ ಅಪರೂಪದ್ದು. ಹತ್ತಕ್ಕೆ ಒಂಬತ್ತನ್ನು ಧಾರಾಳವಾಗಿ ಕೊಡುವ ನಿಮ್ಮ ಸ್ನೇಹಿತರಿಗೆ ಇದನ್ನು ತೋರಿಸಿ.

ಒಂದು ಲೆಕ್ಕ ಕೊನೆಗೆ: ಶೇ. 7ರ ಬಿಯರ್ ನಾಲ್ಕು ಸಲ ನೂರು ಮಿಲಿ ಕುಡಿದರೆ 28 ಮಿಲಿ ಶುದ್ಧ ಆಲ್ಕೊಹಾಲ್ ಹೊಟ್ಟೆಗೆ ಹೋಗಿರುತ್ತದೆ, ಶೇ. 5ರ 650 ಮಿಲಿ ಬಾಟಲಿಯೊಂದರಲ್ಲಿ ಇರುವುದು 32.5 ಮಿಲಿ. ಅಂದರೆ ‘ರುಚಿ ನೋಡಿದ್ದು ಮಾತ್ರ’ ಎಂಬ ಮಾತು ಬೈಕಿನ ಕೀಲಿಯ ಮುಂದೆ ನಡೆಯದು. ಐದನೆಯ ಬಿಯರಿಗೆ ನೀವು ಹಾಕುವ ಅಂಕವೂ ನಂಬತಕ್ಕದ್ದಲ್ಲ.

ಪ್ರಶ್ನೆ: ನಮ್ಮ ಕಾಕಾ ಅವರಿಗೆ ಈ ಬಿಯರ್ ತೋರಿಸಿದಾಗ ‘ಇದು ನಮ್ಮ ಸೇಂದಿಯೇ, ಕ್ಯಾನಿನಲ್ಲಿ ತುಂಬಿ ಮಾರುತ್ತಿದ್ದಾರೆ’ ಎಂದು ನಕ್ಕರು. ಮಬ್ಬಾಗಿದ್ದರೆ ಬಿಯರ್ ಕೆಟ್ಟಿದೆ ಎಂದಲ್ಲವೇ?
— ಓದುಗರು, ಯಾದಗಿರಿ

ಉತ್ತರ: ನಿಮ್ಮ ಕಾಕಾ ಅವರ ಕಣ್ಣು ತಪ್ಪಿಲ್ಲ, ಕಾರಣ ಮಾತ್ರ ಬೇರೆ. ಈಚಲ ಮರದಿಂದ ಇಳಿಸಿದ ಸೇಂದಿ ಬೆಳ್ಳಗೆ ಮಬ್ಬಾಗಿರುವುದು ಅದರೊಳಗೆ ಯೀಸ್ಟೂ ಬ್ಯಾಕ್ಟೀರಿಯಾಗಳೂ ಇನ್ನೂ ಕೆಲಸದಲ್ಲಿರುವುದರಿಂದ. ಬೆಳಗಿನ ಸೇಂದಿ ಸಂಜೆಗೆ ಹುಳಿಯಾಗುವುದೂ ಅದರಿಂದಲೇ. ಹೇಜಿ ಐಪಿಎಯ ಮಬ್ಬು ಹೆಚ್ಚಾಗಿ ಯೀಸ್ಟಿನದಲ್ಲ. ಬಾರ್ಲಿ ಮಾಲ್ಟಿನ ಜೊತೆಗೆ ಓಟ್ಸ್ ಮತ್ತು ಗೋಧಿಯನ್ನು ಧಾರಾಳವಾಗಿ ಹಾಕುವುದರಿಂದ ಬರುವ ಪ್ರೋಟೀನುಗಳು, ಹಾಪ್ಸಿನಿಂದ ಬರುವ ಪಾಲಿಫಿನಾಲ್ ಎಂಬ ಒಗರು ಪದಾರ್ಥಗಳೊಂದಿಗೆ ಕೂಡಿಕೊಂಡು, ಕೆಳಗೂ ಇಳಿಯದೆ ಮೇಲೂ ತೇಲದೆ ಬಿಯರಿನಲ್ಲಿ ಹರಡಿ ನಿಲ್ಲುತ್ತವೆ. ಕ್ಯಾನನ್ನು ಒಂದು ದಿನ ಫ್ರಿಜ್ಜಿನಲ್ಲಿ ನೆಟ್ಟಗೆ ನಿಲ್ಲಿಸಿ ಅಲುಗಿಸದೆ ಸುರಿದು ನೋಡಿ: ಮೇಲಿನದು ತಿಳಿಯಾಗಿ, ತಳದಲ್ಲಿ ಗಟ್ಟಿ ಗಷ್ಟು ಕುಳಿತಿದ್ದರೆ ಆ ಮಬ್ಬು ಸರಿಯಾದದ್ದಲ್ಲ. ಹುಳಿ ಬಂದಿದ್ದರೆ ಸೇಂದಿಗೆ ಅದು ಸಹಜ ಗುಣ, ಈ ಬಿಯರಿಗೆ ದೋಷ.

ಈ ಮಬ್ಬಿಗೆ ಹೆಸರು ತಂದದ್ದು ಅಮೆರಿಕದ ವರ್ಮಾಂಟ್ ರಾಜ್ಯದ ವಾಟರ್‌ಬರಿ ಎಂಬ ಸಣ್ಣ ಊರು. ಅಲ್ಲಿನ ದಿ ಆಲ್ಕೆಮಿಸ್ಟ್ ಎಂಬ ಪಬ್ಬಿನಲ್ಲಿ ಜಾನ್ ಕಿಮಿಕ್ ಅವರು ತಯಾರಿಸಿದ ಹೆಡಿ ಟಾಪರ್, 2011ರಲ್ಲಿ ಕ್ಯಾನಿಗೆ ಇಳಿದ ಮೇಲೆ ಜನ ದೂರದೂರಗಳಿಂದ ಹುಡುಕಿಕೊಂಡು ಬಂದರು. ಅದರ ಕ್ಯಾನಿನ ಮೇಲೆ ಕ್ಯಾನಿನಿಂದಲೇ ಕುಡಿಯಿರಿ ಎಂದು ಅಚ್ಚಾಗಿರುವುದು ಒಂದು ತಮಾಷೆ. ಆ ಮಾತು ಕೇಳಿದವರಿಗೆ ಮಬ್ಬು ಕಾಣುವುದೇ ಇಲ್ಲ. ಅಮೆರಿಕದ ಬ್ರೂವರ್ಸ್ ಅಸೋಸಿಯೇಶನ್ 2018ರಲ್ಲಿ ಇದನ್ನು ಬೇರೆಯೇ ಬಗೆಯೆಂದು ತನ್ನ ಪಟ್ಟಿಗೆ ಸೇರಿಸಿತು. ಅದಕ್ಕೆ ಮೊದಲು ತೀರ್ಪುಗಾರರೂ ಕಾಕಾ ಅವರಂತೆಯೇ ಮಬ್ಬು ಕಂಡರೆ ಅಂಕ ಕಡಿಯುತ್ತಿದ್ದರು.

ಪ್ರಶ್ನೆ: ಇದರಲ್ಲಿ ಮಾವಿನ ರಸ ಬೆರೆಸಿರುತ್ತಾರೆಯೇ? ಲೇಬಲ್ಲಿನಲ್ಲಿ ಹಣ್ಣಿನ ಹೆಸರೇ ಇಲ್ಲ, ಆದರೆ ವಾಸನೆ ಸ್ಪಷ್ಟವಾಗಿದೆ.
— ಓದುಗರು, ಬೀದರ್

ಉತ್ತರ: ಲೇಬಲ್ಲಿನಲ್ಲಿ ಇಲ್ಲದಿದ್ದರೆ ಬೆರೆಸಿಲ್ಲ. ಹಣ್ಣೂ ಹಾಲಿನ ಸಕ್ಕರೆಯೂ ಸೇರಿದ ಮಿಲ್ಕ್‌ಶೇಕ್ ಐಪಿಎ ಎಂಬ ಇನ್ನೊಂದು ಕವಲುಂಟು, ಅದರ ಮಾತು ಬೇರೆ. ನಿಮಗೆ ಬಂದ ವಾಸನೆ ಹಾಪ್ಸ್ ಬಳ್ಳಿಯ ಹೂವಿನದು, ಮತ್ತು ಅದು ಬರೀ ಭ್ರಮೆಯಲ್ಲ. ಹಾಪ್ಸಿನ ಎಣ್ಣೆಯಲ್ಲಿ ಹೇರಳವಾಗಿರುವ ಮರ್ಸೀನ್ ಮಾವಿನ ಹಲವು ತಳಿಗಳಲ್ಲಿಯೂ ಇದೆ. ಥಯಾಲ್ ಎಂಬ ಗಂಧಕಯುಕ್ತ ಪದಾರ್ಥಗಳಲ್ಲಿ ಪೇರಲಕ್ಕೆ ವಾಸನೆ ಕೊಡುವಂಥವು ಹಾಪ್ಸಿನಲ್ಲಿಯೂ ಸಿಗುತ್ತವೆ. ಲೀಟರಿಗೆ ಗ್ರಾಮಿನ ಕೋಟಿಯಲ್ಲೊಂದು ಪಾಲಿಗಿಂತ ಕಡಿಮೆಯಿದ್ದರೂ ಮೂಗು ಅವನ್ನು ಹಿಡಿಯುತ್ತದೆ. ಅಂದರೆ ಮಾವು ಪೇರಲಗಳನ್ನು ಮೂಗಿಗೆ ತಿಳಿಸುವ ಪದಾರ್ಥಗಳೇ ಇಲ್ಲಿಯೂ ಇವೆ, ಹಣ್ಣು ಮಾತ್ರ ಇಲ್ಲ.

ಈ ಎಣ್ಣೆಗಳು ಕುದಿಯುವಾಗ ಹಾರಿಹೋಗುತ್ತವೆ. ಆದ್ದರಿಂದ ಬಿಯರ್ ಕುದ್ದು ಆರಿದ ಮೇಲೆ, ಹುದುಗುವ ಹೊತ್ತಿನಲ್ಲಿ ಅಥವಾ ಆಮೇಲೆ, ಲೀಟರಿಗೆ 10 ಗ್ರಾಂ ಅಥವಾ ಅದಕ್ಕೂ ಹೆಚ್ಚು ಹಾಪ್ಸನ್ನು ಹಾಗೆಯೇ ಸುರಿಯುತ್ತಾರೆ. ಡ್ರೈ ಹಾಪಿಂಗ್ ಎನ್ನುವುದು ಇದನ್ನೇ. ಒಗ್ಗರಣೆಯ ಇಂಗನ್ನು ಬೇಳೆಯ ಜೊತೆಗೆ ಕುದಿಸದೆ ಕೊನೆಗೆ ಹಾಕುವ ಜಾಣತನವೂ ಇಂಥದ್ದೇ. ಹುದುಗುವಾಗಲೇ ಹಾಕಿದರೆ ಯೀಸ್ಟ್ ಕೂಡ ಕೈ ಜೋಡಿಸಿ, ಗುಲಾಬಿಯಂಥ ವಾಸನೆಯ ಜೆರಾನಿಯಾಲನ್ನು ನಿಂಬೆಯತ್ತ ವಾಲುವ ಸಿಟ್ರೊನೆಲಾಲಾಗಿ ಬದಲಿಸುತ್ತದೆ. ಲೇಬಲ್ಲಿನಲ್ಲಿ ಸಿಟ್ರಾ, ಮೊಸಾಯಿಕ್, ಗ್ಯಾಲಕ್ಸಿ, ನೆಲ್ಸನ್ ಸೊವಿನ್ ಎಂಬ ಹೆಸರುಗಳಿದ್ದರೆ ಅವು ಹಾಪ್ಸಿನ ತಳಿಗಳು. ಮೊದಲೆರಡು ಅಮೆರಿಕದವು, ಗ್ಯಾಲಕ್ಸಿ ಆಸ್ಟ್ರೇಲಿಯದ್ದು, ಕೊನೆಯದು ನ್ಯೂಜಿಲೆಂಡಿನದು. ಕೆಲವು ಸಲ ಹಣ್ಣಿನ ಬದಲು ಹಸಿ ಉಳ್ಳಾಗಡ್ಡಿಯ ವಾಸನೆ ಬರುತ್ತದೆ. ಅದೂ ಗಂಧಕದ ಕೆಲಸವೇ, ಆದರೆ ಅಂಕ ಕಡಿಯುವಂಥದ್ದು. ಬೆಣ್ಣೆಯ ವಾಸನೆ ಬಂದರೂ ಹಾಗೆಯೇ: ಹುದುಗು ಸರಿಯಾಗಿ ಮುಗಿಯುವ ಮೊದಲೇ ಬಿಯರನ್ನು ತುಂಬಿದ್ದಾರೆ ಎಂದು ತಿಳಿಯಬಹುದು.

ಪ್ರಶ್ನೆ: ಅತಿಥಿಗಳಿಗೆ ಬಿದರಿ ಲೋಟದಲ್ಲಿ ಈ ಬಿಯರ್ ಕೊಟ್ಟರೆ ಚೆಂದವಲ್ಲವೇ?
— ಓದುಗರು, ಬೀದರ್

ಉತ್ತರ: ಚೆಂದ ನಿಜ, ಆದರೆ ಬೇಡ. ಬಿದರಿ ಬಹುಪಾಲು ಸತು, ಸ್ವಲ್ಪ ತಾಮ್ರ. ಬಿಯರ್ ಹುಳಿ ಗುಣದ್ದು, ಅದರ ಪಿಎಚ್ ಸುಮಾರು 4ರಿಂದ 4.5. ಹುಳಿಗೆ ಸತು ಕರಗುತ್ತದೆ. ಹೂದಾನಿಯಾಗಿ ಮೇಜಿನ ಮೇಲಿರಲಿ. ಬಿಯರಿಗೆ ಗಾಜೇ ಸರಿ.

ಪ್ರಶ್ನೆ: ಬೆಂಗಳೂರಿನಲ್ಲಿ ಕುಡಿದಾಗ 40 ಅಂಕ ಕೊಟ್ಟಿದ್ದ ಬಿಯರನ್ನು ಎರಡು ತಿಂಗಳ ನಂತರ ಊರಿನಲ್ಲಿ ತೆರೆದರೆ ಬಣ್ಣ ಕಂದಾಗಿ, ತೊಯ್ದ ರಟ್ಟಿನ ವಾಸನೆ ಬಂತು. ಈಗ ಯಾವ ಅಂಕ ಬರೆಯಲಿ?
— ಓದುಗರು, ಸೇಡಂ

ಉತ್ತರ: ಗಾಳಿಯ ಆಮ್ಲಜನಕ ಅದನ್ನು ತಿಂದಿದೆ. ಹಾಪ್ಸ್ ಹೆಚ್ಚಾದಷ್ಟೂ ಬಿಯರ್ ಬೇಗ ಮುಪ್ಪಾಗುತ್ತದೆ, ಮತ್ತು ಮಬ್ಬು ಐಪಿಎ ಇವುಗಳಲ್ಲೆಲ್ಲ ಹೆಚ್ಚು ನಾಜೂಕಿನದು. ಮೊದಲು ಹಣ್ಣಿನ ವಾಸನೆ ಹೋಗುತ್ತದೆ, ಆಮೇಲೆ ಜೇನು ಒಣದ್ರಾಕ್ಷಿಗಳಂಥ ಮಂಕು ಸಿಹಿ ಬರುತ್ತದೆ, ಕೊನೆಗೆ ನೀವು ಹೇಳಿದ ರಟ್ಟು. ಹೊಂಬಣ್ಣ ಹೋಗಿ ಮಣ್ಣು ಕಲಸಿದ ನೀರಿನಂತಾಗುತ್ತದೆ. ತಣ್ಣಗಿಟ್ಟರೆ ಆರೆಂಟು ವಾರ ಚೆನ್ನಾಗಿರುವುದು, ಸೆಕೆಯಲ್ಲಿ ಕೆಲವೇ ದಿನಗಳಲ್ಲಿ ಸೋಲುತ್ತದೆ. ಒಂದು ಏಪ್ರಿಲಿನಲ್ಲಿ ನಾನೇ ಆರು ಕ್ಯಾನುಗಳನ್ನು ಬಟ್ಟೆಯಲ್ಲಿ ಸುತ್ತಿ ರಾತ್ರಿ ಬಸ್ಸಿನ ಡಿಕ್ಕಿಯಲ್ಲಿಟ್ಟಿದ್ದೆ. ದಾರಿಯಲ್ಲಿ ಬಸ್ಸು ಕೆಟ್ಟು ನಿಂತು, ಕಲಬುರಗಿಗೆ ಬಂದದ್ದು ಮಧ್ಯಾಹ್ನ ಎರಡಕ್ಕೆ. ಕ್ಯಾನುಗಳು ಕೈಗೆ ಚಹಾದ ಕಪ್ಪಿನಷ್ಟು ಬೆಚ್ಚಗಿದ್ದವು. ಮನೆಯಲ್ಲಿ ಮತ್ತೆ ತಣಿಸಿ ವಾರದ ನಂತರ ತೆರೆದರೆ ಪೇರಲದ ವಾಸನೆಯ ಜಾಗದಲ್ಲಿ ಬೆಲ್ಲದ ನೀರಿನ ವಾಸನೆ ಕುಳಿತಿತ್ತು. ಈಗ ಮಂಜುಗಡ್ಡೆಯ ಡಬ್ಬಿಯಿಲ್ಲದೆ ನಾನು ತರುವುದಿಲ್ಲ.

ನಿಮ್ಮ ಪ್ರಶ್ನೆಗೆ ಬಂದರೆ, ಗ್ಲಾಸಿನಲ್ಲಿ ಇರುವುದಕ್ಕೇ ಅಂಕ ಹಾಕಬೇಕು, ನೆನಪಿಗೆ ಅಲ್ಲ. ಇಪ್ಪತ್ತು ಬಂದರೆ ಇಪ್ಪತ್ತೇ ಬರೆಯಿರಿ. ಆದರೆ ಅದರ ಪಕ್ಕದಲ್ಲಿ ಕ್ಯಾನಿನ ತಳದಲ್ಲಿ ಅಚ್ಚಾದ ತಯಾರಿಕೆಯ ದಿನಾಂಕವನ್ನೂ, ಅದು ಎಷ್ಟು ದಿನ ಫ್ರಿಜ್ಜಿನ ಹೊರಗಿತ್ತೆಂಬುದನ್ನೂ ಬರೆದಿಡಿ. ಹಳೆಯ 40ನ್ನು ಅಳಿಸಬೇಡಿ.